ಬ್ರೇಕ್ ಕೀಂ ಅಂತಿದೆ, ಪೆಡಲ್ ಕೆಳಗೆ ಹೋಗ್ತಿದೆ: ಸರ್ವಿಸ್‌ವರೆಗೆ ಕಾಯಬಹುದಾ?

ಕೇಳಿದವರು: ಬ್ರೇಕ್ ಹಿಡಿದಾಗ ಮುಂದಿನ ಎಡ ಚಕ್ರದ ಕಡೆಯಿಂದ ಕೀಂ ಅಂತ ಸದ್ದು ಬರುತ್ತಿದೆ. ಈಚೆಗೆ ಪೆಡಲ್ ಕೂಡ ಮೊದಲಿಗಿಂತ ಕೆಳಗೆ ಹೋಗುತ್ತಿದೆ ಅನ್ನಿಸುತ್ತದೆ. ತಿಂಗಳ ಕೊನೆಗೆ ಹೇಗೂ ಸರ್ವಿಸ್ ಇದೆ. ಅಲ್ಲಿವರೆಗೆ ಓಡಿಸಬಹುದಾ? ಅನುಭವ ಇರುವವರು ಹೇಳಿ.

ಉತ್ತರ: ಬರೀ ಸದ್ದಾಗಿದ್ದರೆ ಅಷ್ಟು ಗಾಬರಿ ಬೇಡ ಅಂತಿದ್ದೆ. ಪೆಡಲ್ ಬದಲಾಗಿದೆ ಅಂದಮೇಲೆ ಕಾಯಬೇಡಿ. ಕೀಂ ಅನ್ನುವ ಸದ್ದು ಎಷ್ಟೋ ಪ್ಯಾಡ್‌ಗಳಲ್ಲಿ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಬೇಕಂತಲೇ ಇಟ್ಟಿರುವುದು. ಪಕ್ಕದಲ್ಲಿ ತಗಡಿನ ಒಂದು ಸಣ್ಣ ನಾಲಿಗೆ ಇರುತ್ತದೆ, ಪ್ಯಾಡ್ ಸವೆದು 2–3 ಮಿಲಿಮೀಟರ್ ಉಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಅದು ಬಂದ ಮೇಲೂ ಸ್ವಲ್ಪ ಟೈಮ್ ಇರುತ್ತದೆ. ಸದ್ದು ಗರಗರ ಅಂತ ತಿರುಗಿತೋ, ಅಲ್ಲಿಗೆ ಪ್ಯಾಡ್ ಮುಗಿಯಿತು, ಕಬ್ಬಿಣ ಡಿಸ್ಕನ್ನೇ ಕೆರೆಯುತ್ತಿದೆ ಅಂತ ಅರ್ಥ. ಆಮೇಲೆ ಪ್ಯಾಡ್ ಜೊತೆ ಡಿಸ್ಕಿನ ಖರ್ಚೂ ಸೇರುತ್ತದೆ. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಒಂದೆರಡು ಸಲ ಕೆರೆದ ಹಾಗೆ ಸದ್ದು ಮಾಡಿ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತುಕ್ಕು, ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ: ಪೆಡಲ್ ಹೇಗೆ ಕೆಳಗೆ ಹೋಗುತ್ತದೆ ಅನ್ನೋದೇ ಮುಖ್ಯ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ, ಪೆಡಲ್ ಒತ್ತಿ ಹಾಗೇ ಹಿಡಿದುಕೊಳ್ಳಿ. ಕಾಲಿನ ಕೆಳಗೆ ಮೆಲ್ಲಗೆ ಇಳಿಯುತ್ತಲೇ ಹೋದರೆ ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿದೆ, ಇಲ್ಲಾಂದ್ರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದು, ನಾಲ್ಕು ಸಲ ಪಂಪ್ ಮಾಡಿದರೆ ಸರಿಹೋದರೆ ಆಯಿಲ್ ಹೋಗುವ ಲೈನಿನಲ್ಲಿ ಗಾಳಿ ಇದೆ. ಪಂಪ್ ಮಾಡಿದಾಗ ಮೇಲೆ ಬಂದು ಕಾಲಿಗೆ ಗಟ್ಟಿಯಾಗಿಯೂ ಸಿಕ್ಕರೆ ಹಿಂದಿನ ಡ್ರಮ್ ಬ್ರೇಕಿನ ಶೂ (ಡ್ರಮ್ ಒಳಗೆ ಉಜ್ಜುವ ಪಟ್ಟಿ) ಸವೆದು ಗ್ಯಾಪ್ ಜಾಸ್ತಿಯಾಗಿರಬಹುದು, ಅದು ಅಡ್ಜಸ್ಟ್ ಮಾಡಿದರೆ ಆಗುವ ಕೆಲಸ. ಇಳಿಯುತ್ತಲೇ ಹೋಗುವುದು, ಸ್ಪಂಜಿನ ಹಾಗಿರುವುದು, ಈ ಎರಡರಲ್ಲಿ ಯಾವುದಾದರೂ ಆಗಿದ್ದರೆ ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ ಅಥವಾ ಟೋ ಮಾಡಿಸಿ.

ಕೇಳಿದವರು: ನೋಡಿದೆ. ಹಿಡಿದುಕೊಂಡರೆ ಇಳಿಯುವುದಿಲ್ಲ, ಆದರೆ ಮೆತ್ತಗಿದೆ. ಆಯಿಲ್ ಡಬ್ಬಿಯಲ್ಲಿ ಮಿನ್ ಗೆರೆ ಹತ್ತಿರ ಇದೆ. ಸ್ವಲ್ಪ ತಂದು ಹಾಕಲಾ?

ಉತ್ತರ: ಹಾಕುವ ಮೊದಲು ಅದು ಯಾಕೆ ಇಳಿಯಿತು ನೋಡಿ. ಪ್ಯಾಡ್ ಸವೆದಷ್ಟೂ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗಕ್ಕೆ ಆಯಿಲ್ ಹೋಗುತ್ತದೆ, ಡಬ್ಬಿಯಲ್ಲಿ ಕಡಿಮೆಯಾಗುತ್ತದೆ. ಇದು ಸಹಜ. ತುಂಬಿಸಿಟ್ಟರೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದ ತಕ್ಷಣ ಆಯಿಲ್ ಉಕ್ಕಿ ಬರುತ್ತದೆ, ಬಾಡಿ ಮೇಲೆ ಬಿದ್ದರೆ ಪೇಂಟ್ ಎದ್ದುಹೋಗುತ್ತದೆ. ಪ್ಯಾಡ್ ದಪ್ಪವಾಗಿಯೇ ಇದ್ದು ಆಯಿಲ್ ಇಳಿದಿದ್ದರೆ ಸೋರಿಕೆ ಹುಡುಕಿ. ನಾಲ್ಕೂ ಚಕ್ರದ ಒಳಮೈ, ಹೋಸ್ ಪೈಪಿನ ಬುಡ, ಪೆಡಲ್ ಮೇಲಿನ ಭಾಗ, ಎಲ್ಲಾದರೂ ಜಿಡ್ಡು ಒದ್ದೆ ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಇನ್ನೊಂದು, ಕೊನೆಯ ಸಲ ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗ? ಬ್ರೇಕ್ ಆಯಿಲ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದ್ದು ಆವಿಯಾಗಿ ಪೆಡಲ್ ನೆಲಕ್ಕೆ ಹೋಗುವುದು ಹೀಗೇ. ಇಳಿಜಾರಿನಲ್ಲಿ ಕೆಳಗಿನ ಗೇರ್‌ನಲ್ಲೇ ಬನ್ನಿ. ಬಹಳಷ್ಟು ಕಂಪನಿಗಳು 2 ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತವೆ, ಮೀಟರ್ ನೋಡಿ ಕಾಯುವವರೇ ಜಾಸ್ತಿ.

ಉತ್ತರ: ಸದ್ದು ಒಂದೇ ಚಕ್ರದಿಂದ ಅಂದ್ರಲ್ಲ, ಅದು ನನಗೆ ಅನುಮಾನ. ನನ್ನ ಗಾಡಿಯಲ್ಲೂ ಎಡಗಡೆಯೇ ಆಗಿತ್ತು. ಬ್ರೇಕ್ ಹಿಡಿದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿತ್ತು, ಆ ಚಕ್ರದ ಮೇಲೆ ಮಾತ್ರ ಕಪ್ಪು ಪುಡಿ, ನಿಲ್ಲಿಸಿ ಹತ್ತಿರ ಹೋದರೆ ಸುಟ್ಟ ವಾಸನೆ. ಚಕ್ರ ಬಿಚ್ಚಿದಾಗ ಹೊರಗಿನ ಪ್ಯಾಡ್ ಅರ್ಧ ಹಾಗೇ ಇದೆ, ಒಳಗಿನದು ತಗಡಿನವರೆಗೆ ಸವೆದಿದೆ. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಬರೀ ಪ್ಯಾಡ್ ಬದಲಾಯಿಸಿ ಕಳಿಸಿದ್ದರೆ ಹೊಸದೂ ಬೇಗ ಹೋಗುತ್ತಿತ್ತು. ಪಿನ್ ತೆಗೆದು ಕ್ಲೀನ್ ಮಾಡಿ ಅದಕ್ಕೇ ಅಂತ ಬರುವ ಗ್ರೀಸ್ ಹಾಕಿ ಅಂತ ಬಾಯಿಬಿಟ್ಟು ಹೇಳಿ. ಪ್ಯಾಡ್ ಎಡ ಬಲ ಎರಡಕ್ಕೂ ಒಟ್ಟಿಗೇ ಹಾಕಿಸಿ. ಚಕ್ರ ಬಿಸಿ ಇದೆಯಾ ಅಂತ ಮುಟ್ಟಿ ನೋಡಬೇಡಿ, ಕೈ ಹತ್ತಿರ ಹಿಡಿದರೆ ಗೊತ್ತಾಗುತ್ತದೆ.

ಉತ್ತರ: ದಾರಿಯಲ್ಲಿ ಬ್ರೇಕ್ ಕೈಕೊಟ್ಟರೆ ಅಂತ ಯಾರೂ ಬರೆದಿಲ್ಲ. ಪೆಡಲ್ ಜೋರಾಗಿ ಪಂಪ್ ಮಾಡಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕಿನ ಬಟನ್ ಒತ್ತಿಕೊಂಡೇ ಮೆಲ್ಲಗೆ ಎಳೆಯಿರಿ. ಒಂದೇ ಸಲ ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ. ಕೀ ಆಫ್ ಮಾಡಬೇಡಿ, ಸ್ಟೀರಿಂಗ್ ಲಾಕ್ ಆದರೆ ಇನ್ನೂ ಕಷ್ಟ. ಪೆಡಲ್ ಕೆಳಗೆ ನೀರಿನ ಬಾಟಲ್ ಉರುಳಿ ಸಿಕ್ಕಿಕೊಂಡಿದೆಯಾ ಅಂತಲೂ ಕಾಲಲ್ಲೇ ನೋಡಿ, ಅದೂ ಆಗುತ್ತದೆ.

ಕೇಳಿದವರು: ಮೆಕ್ಯಾನಿಕ್‌ಗೆ ಫೋನ್ ಮಾಡಿದೆ, ನಾಳೆ ಮನೆಗೇ ಬರುತ್ತಾರೆ. ಪ್ಯಾಡ್, ಪಿನ್, ಆಯಿಲ್ ಮೂರೂ ಹೇಳಿದ್ದೇನೆ.

ಉತ್ತರ: ಬ್ರೇಕ್ ಲೈನಿನ ಏರ್ ತೆಗೆಯುವುದನ್ನೂ ಸೇರಿಸಿ. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಹೊಸ ಪ್ಯಾಡ್ ಡಿಸ್ಕಿಗೆ ಕೂರುವವರೆಗೆ ಹಿಡಿತ ಸ್ವಲ್ಪ ಕಡಿಮೆಯೇ, ಮುಂದಿನ ಗಾಡಿಯಿಂದ ದೂರ ಇರಿ.