ವರ್ಷಕ್ಕೆ 1,499 ರೂಪಾಯಿಯ ವಿಮಾನ ಕಾರ್ಡ್: ದಿಲ್ಲಿಯಿಂದ ಧಾರವಾಡಕ್ಕೆ ಓಡಾಡುವವರಿಗೆ ಉಪಯೋಗ ಇದೆಯಾ?

ಧಾರವಾಡದ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ದಿಲ್ಲಿಯ ದ್ವಾರಕಾದಲ್ಲಿ ಇದ್ದೇನೆ. ಹನ್ನೊಂದು ವರ್ಷ ಆಯಿತು. ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮನೆಯಲ್ಲಿ ನಾನು ಮತ್ತು ಒಂಬತ್ತು ವರ್ಷದ ಮಗಳು. ಅವ್ವ ಧಾರವಾಡದಲ್ಲಿ ಒಬ್ಬಳೇ ಇರುತ್ತಾಳೆ. ಬೇಸಿಗೆ ರಜೆ, ದಸರಾ, ಡಿಸೆಂಬರ್ ಹೀಗೆ ವರ್ಷಕ್ಕೆ ಮೂರು ಸಲ ಊರಿಗೆ ಹೋಗುವುದು ಖಾತ್ರಿ. ಕಳೆದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಆಗ ಸಂಜೆ ಟಿಕೆಟ್ ತೆಗೆದು ಮರುದಿನ ಹೋದೆ. ಅವತ್ತು ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಸಂಬಳದ ಖಾತೆ ಇರುವ ಬ್ಯಾಂಕಿನಿಂದ ಒಬ್ಬ ಹುಡುಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾನೆ. ಒಂದು ವಿಮಾನ ಸಂಸ್ಥೆಯ ಜೊತೆ ಸೇರಿ ತಂದ ಕ್ರೆಡಿಟ್ ಕಾರ್ಡ್ ಅಂತೆ. ವರ್ಷದ ಶುಲ್ಕ 1,499. ಸೇರಿದ ಕೂಡಲೇ 5,000 ಪಾಯಿಂಟ್, ಅದನ್ನು ಕೊಟ್ಟು ಆ ಸಂಸ್ಥೆಯ ಟಿಕೆಟ್ ತೆಗೆಯಬಹುದು. ಆಮೇಲೆ ನೂರು ರೂಪಾಯಿ ಖರ್ಚಿಗೆ 2 ಪಾಯಿಂಟ್. ವರ್ಷಕ್ಕೆ 2 ಲಕ್ಷ ಖರ್ಚು ದಾಟಿದರೆ ಇನ್ನೂ 5,000. ಎರಡನೇ ವರ್ಷದಿಂದ ಶುಲ್ಕ ಕಟ್ಟಿದಾಗಲೆಲ್ಲ 2,000. "ಮೇಡಂ, ವರ್ಷಕ್ಕೊಂದು ಟಿಕೆಟ್ ಪುಕ್ಕಟೆ" ಅನ್ನುತ್ತಾನೆ.

ನನ್ನ ತಿಂಗಳ ಖರ್ಚು ಹೀಗಿದೆ. ಕಿರಾಣಿ, ತರಕಾರಿ 8,000. ಪೆಟ್ರೋಲ್ 3,500. ಕರೆಂಟ್, ಫೋನ್, ಇಂಟರ್ನೆಟ್ ಸೇರಿ 3,500. ಅವ್ವನ ಔಷಧ 2,000. ಬಟ್ಟೆಬರೆ, ಪುಸ್ತಕ, ಇತರೆ 3,000. ಒಟ್ಟು 20,000. ಬಾಡಿಗೆ ಖಾತೆಯಿಂದ ನೇರವಾಗಿ ಹೋಗುತ್ತದೆ. ಈಗ ಇರುವುದು ಶುಲ್ಕ ಇಲ್ಲದ ಸಾದಾ ಕಾರ್ಡ್, ಎಲ್ಲಾ ಕಡೆ ಶೇ 1 ವಾಪಸ್ ಬರುತ್ತದೆ.

ನಾಲ್ಕು ವರ್ಷದ ಹಿಂದೆ ಇನ್ನೊಂದು ಕಾರ್ಡಿನಲ್ಲಿ ಪಾಯಿಂಟ್ ಕೂಡಿಸಿದ್ದೆ. ಬಳಸೋಣ ಅನ್ನುವಷ್ಟರಲ್ಲಿ ಅವಧಿ ಮುಗಿದು ಎಲ್ಲಾ ಹೋಗಿತ್ತು. ಒಂದು ಮೆಸೇಜ್ ಕೂಡ ಬಂದಿರಲಿಲ್ಲ. ಅದಕ್ಕೇ ಈ ಸಲ ಕೇಳಿಕೊಂಡೇ ಮುಂದೆ ಹೋಗೋಣ ಅಂತ. ನನ್ನಂಥವರಿಗೆ ಇದು ಲಾಭವಾ?

ಉಣಕಲ್ ಕೆರೆ:

ಅಕ್ಕಾ, ಮೊದಲು ಒಂದು ಮಾತು ಹೇಳಿ. ಆ ವಿಮಾನ ಸಂಸ್ಥೆ ಹುಬ್ಬಳ್ಳಿಗೆ ಬರುತ್ತದಾ? ದಿಲ್ಲಿಯಿಂದ ಹುಬ್ಬಳ್ಳಿಗೆ ನೇರ ಹಾರುವುದು ಇಂಡಿಗೊ. ಬೇರೆ ಸಂಸ್ಥೆಯ ಪಾಯಿಂಟ್ ಎಷ್ಟೇ ಇದ್ದರೂ ನಮ್ಮ ಊರಿನ ವಿಮಾನ ನಿಲ್ದಾಣದಲ್ಲಿ ಅದಕ್ಕೆ ಬೆಲೆ ಇಲ್ಲ. ಬೆಂಗಳೂರಿಗೋ ಗೋವಾಕ್ಕೋ ಹೋಗಿ ಅಲ್ಲಿಂದ ಬರಬೇಕು.

ನಾನು ಗುರುಗ್ರಾಮದಲ್ಲಿ ಇದ್ದಾಗ ಇದೇ ತಪ್ಪು ಮಾಡಿದ್ದೆ. ಕಾರ್ಡ್ ಚೆನ್ನಾಗಿಯೇ ಇತ್ತು. ಊರಿನ ದಾರಿ ಮಾತ್ರ ಬೇರೆಯಾಗಿತ್ತು.

ಮೈಸೂರು ಲೆಕ್ಕಿಗ:

ಮೇಡಂ, ನೀವು ಅಂಕಿ ಎಲ್ಲಾ ಕೊಟ್ಟಿದ್ದೀರಿ. ಹಾಗಾಗಿ ಸರಿಯಾಗಿ ಕೂಡಿಸಿ ಕಳೆಯಬಹುದು. ನಾನು ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಶುಲ್ಕ 1,499 ಅಲ್ಲ. ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ನಿಮ್ಮ ಕೈಯಿಂದ ಹೋಗುವುದು 1,769.

ಇನ್ನು ಒಂದು ಪಾಯಿಂಟ್ ಎಷ್ಟು ಪೈಸೆ ಅಂತ ಗೊತ್ತಾಗಬೇಕು. ಬ್ಯಾಂಕಿನ ಹುಡುಗ ಇದನ್ನು ಹೇಳುವುದಿಲ್ಲ, ನೀವೇ ನೋಡಬೇಕು. ನೀವು ಹೋಗುವ ದಿನದ್ದೇ ಒಂದು ಟಿಕೆಟ್ ತೆಗೆದುಕೊಳ್ಳಿ. ಅದೇ ವಿಮಾನ ದುಡ್ಡಿಗೆ ಎಷ್ಟು, ಪಾಯಿಂಟಿಗೆ ಎಷ್ಟು ಅಂತ ಬರೆದಿಡಿ. ಪಾಯಿಂಟ್ ಟಿಕೆಟ್ ಪೂರ್ತಿ ಪುಕ್ಕಟೆ ಅಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಎಲ್ಲಾ ದುಡ್ಡಲ್ಲೇ ಕಟ್ಟಬೇಕು. ಉದಾಹರಣೆಗೆ ದುಡ್ಡಿಗೆ 6,000 ಅಂತ ಹಿಡಿಯಿರಿ. ಪಾಯಿಂಟಲ್ಲಿ 8,000 ಪಾಯಿಂಟ್ ಮತ್ತು 1,200 ರೂಪಾಯಿ. ಅಂದರೆ ಆ 8,000 ಪಾಯಿಂಟ್ ನಿಮಗೆ ಉಳಿಸಿದ್ದು 4,800 ರೂಪಾಯಿ. ಒಂದು ಪಾಯಿಂಟಿಗೆ 60 ಪೈಸೆ ಆಯಿತು. ಇಂಥ ಲೆಕ್ಕವನ್ನು ಮೂರು ಬೇರೆ ಬೇರೆ ದಿನಕ್ಕೆ ಮಾಡಿ ನೋಡಿ. ಒಂದೇ ದಿನದ್ದು ನಂಬಬೇಡಿ.

ಈಗ ನಿಮ್ಮ ಖರ್ಚು ನೋಡೋಣ. ವರ್ಷಕ್ಕೆ 2,40,000 ಸರಿ. ಆದರೆ ಎಷ್ಟೋ ಕಾರ್ಡ್‌ಗಳಲ್ಲಿ ಪೆಟ್ರೋಲ್‌ಗೆ ಪಾಯಿಂಟ್ ಇರುವುದಿಲ್ಲ. ಅದನ್ನು ತೆಗೆದರೆ 42,000 ಹೋಯಿತು. ಉಳಿದದ್ದು 1,98,000. ನೋಡಿದಿರಾ? 2 ಲಕ್ಷದ ಗೆರೆಗೆ ಎರಡೇ ಸಾವಿರ ಕಡಿಮೆ. ಆ 5,000 ಪಾಯಿಂಟ್ ಕೈಗೆ ಬಂದ ಹಾಗೆ ಕಂಡು ಬರದೇ ಹೋಗುತ್ತದೆ. ಷರತ್ತಿನ ಹಾಳೆ ತರಿಸಿ. ಪಾಯಿಂಟಿಗೆ ಯಾವುದು ಸೇರುವುದಿಲ್ಲ, 2 ಲಕ್ಷದ ಗೆರೆಗೆ ಯಾವುದು ಸೇರುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಓದಿ.

ಎರಡನೇ ವರ್ಷದ ಲೆಕ್ಕ ಮಾಡೋಣ. ಮೊದಲ ವರ್ಷದ ಉಡುಗೊರೆ ನೋಡಿ ಮರುಳಾಗಬಾರದು. ಖರ್ಚಿನಿಂದ 3,960 ಪಾಯಿಂಟ್, ಶುಲ್ಕ ಕಟ್ಟಿದ್ದಕ್ಕೆ 2,000. ಒಟ್ಟು 5,960. ಅರವತ್ತು ಪೈಸೆಯಂತೆ 3,576 ರೂಪಾಯಿ. ಶುಲ್ಕ ಕಳೆದರೆ 1,807. ನಿಮ್ಮ ಸಾದಾ ಕಾರ್ಡ್ ಅದೇ 1,98,000ಕ್ಕೆ 1,980 ಕೊಡುತ್ತದೆ, ಅದೂ ನಗದು.

ಆದರೆ ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. 2 ಲಕ್ಷದ ಗೆರೆ ದಾಟಿಬಿಟ್ಟರೆ ಚಿತ್ರ ಬದಲಾಗುತ್ತದೆ. ಆಗ 11,000 ಪಾಯಿಂಟ್, 6,600 ರೂಪಾಯಿ. ಶುಲ್ಕ ಕಳೆದು 4,831. ಸಾದಾ ಕಾರ್ಡಿನ ಎರಡು ಪಟ್ಟಿಗೂ ಜಾಸ್ತಿ. ಅಂದರೆ ಈ ಕಾರ್ಡಿನ ಜೀವ ಇರುವುದೇ ಆ ಗೆರೆಯಲ್ಲಿ. ಗೆರೆ ದಾಟುವವರಿಗೆ ಒಳ್ಳೆಯ ಕಾರ್ಡ್, ದಾಟದವರಿಗೆ ಅಲ್ಲ. ಆ ಮೇಲೆ ಉಣಕಲ್ ಅವರ ಪ್ರಶ್ನೆ ಇದ್ದೇ ಇದೆ.

ಬಾಕಿ ಉಳಿಸಿಕೊಳ್ಳುವ ಅಭ್ಯಾಸ ಇದ್ದರೆ ಈ ಲೆಕ್ಕ ಪೂರ್ತಿ ಬಿಡಿ. ತಿಂಗಳಿಗೆ ಶೇ 3.5 ಅಂದರೂ ವರ್ಷಕ್ಕೆ ಶೇ 42 ಬಡ್ಡಿ. ಅದರ ಮುಂದೆ ಯಾವ ಪಾಯಿಂಟೂ ನಿಲ್ಲುವುದಿಲ್ಲ.

ಮಾಹಿಮ್ ಮಲ್ಲಿಗೆ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮದು ಮುಂಬೈ, ಅತ್ತೆ ಮನೆ ಬೆಂಗಳೂರು. ನನ್ನ ಹತ್ತಿರ ವಿಸ್ತಾರಾ ಕಾರ್ಡ್ ಇತ್ತು. ಶುಲ್ಕ 1,500, ಕಟ್ಟಿದ ಕೂಡಲೇ ಒಂದು ಎಕಾನಮಿ ಟಿಕೆಟ್‌ನ ವೋಚರ್ ಬರುತ್ತಿತ್ತು. ವರ್ಷಕ್ಕೆ ಮೂರು ಸಲ ನಾನು, ನಮ್ಮವರು ಆ ಕಾರ್ಡಿನ ಟಿಕೆಟಲ್ಲೇ ಓಡಾಡಿದ್ದೇವೆ. ಮುಂಬೈ–ಬೆಂಗಳೂರು ಮಧ್ಯೆ ದಿನಕ್ಕೆ ಬೇಕಾದಷ್ಟು ವಿಮಾನ. ಒಂದರಲ್ಲಿ ಸೀಟು ಇಲ್ಲದಿದ್ದರೆ ಇನ್ನೊಂದು. ಅದಕ್ಕೇ ನಮಗೆ ಕೈ ಹಿಡಿಯಿತು. ನಿಮ್ಮ ದಾರಿಯಲ್ಲಿ ಆ ಅನುಕೂಲ ಇಲ್ಲ ಅನ್ನುವುದು ನಿಜ.

ಇನ್ನೊಂದು ಮಾತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯಿತು. ಪಾಯಿಂಟ್ ಅತ್ತ ಹೋದವು, ಸರಿ. ಆದರೆ ನಾನು ಇಷ್ಟಪಟ್ಟ ಕಾರ್ಡ್ ಹಾಗೇ ಉಳಿಯಲಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ. ಮೊದಲ ವರ್ಷ ತಗೊಳ್ಳಿ, 5,000 ಪಾಯಿಂಟ್ ಬಳಸಿ, ಎರಡನೇ ಶುಲ್ಕ ಬೀಳುವ ಮೊದಲು ಮುಚ್ಚಿಬಿಡಿ. ಮೊದಲ ವರ್ಷ ನಷ್ಟ ಆಗುವ ಮಾತೇ ಇಲ್ಲ.

ಮೈಸೂರು ಲೆಕ್ಕಿಗ:

ಮಲ್ಲಿಗೆ ಅವರು ಹೇಳಿದ್ದು ನನಗೆ ಮುಖ್ಯ ಅನ್ನಿಸಿತು. ವಿಮಾನ ಸಂಸ್ಥೆಯ ಪಾಯಿಂಟ್ ಅಂದರೆ ಆ ಸಂಸ್ಥೆಗೆ ನೀವು ಕೊಟ್ಟ ಸಾಲ ಇದ್ದ ಹಾಗೆ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರುವುದು ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು. ಗೋ ಫಸ್ಟ್ 2023ರ ಮೇನಲ್ಲಿ. ಸಂಸ್ಥೆ ಗಟ್ಟಿ ಇದ್ದರೂ ನಿಯಮ ಬದಲಾಗುತ್ತದೆ. ಏರ್ ಇಂಡಿಯಾ ಎಸ್‌ಬಿಐ ಪ್ಲಾಟಿನಂ ಕಾರ್ಡಿನಲ್ಲಿ ಆ ಸಂಸ್ಥೆಯ ಟಿಕೆಟ್ ತೆಗೆದರೆ ನೂರು ರೂಪಾಯಿಗೆ 15 ಪಾಯಿಂಟ್ ಇತ್ತು. 2025ರ ಮಾರ್ಚ್ 31ರಿಂದ 5 ಆಯಿತು. ಅದಕ್ಕೇ ಐದು ವರ್ಷ ಕೂಡಿಸಿ ಆಮೇಲೆ ದೊಡ್ಡ ಪ್ರಯಾಣ ಮಾಡುತ್ತೇನೆ ಅನ್ನಬಾರದು. ಬಂದ ಹಾಗೆ ಬಳಸಬೇಕು.

ಧಾರವಾಡದ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಮಧ್ಯಾಹ್ನ ಇದನ್ನೇ ಮಾಡಿದೆ.

ಷರತ್ತಿನ ಹಾಳೆ ತರಿಸಿದೆ. ಪೆಟ್ರೋಲ್‌ಗೆ ಪಾಯಿಂಟ್ ಇಲ್ಲ, 2 ಲಕ್ಷದ ಗೆರೆಗೂ ಸೇರುವುದಿಲ್ಲ. ಸರ್ ಹೇಳಿದ ಹಾಗೇ ಆಯಿತು. ಹುಡುಗನಿಗೆ ಕೇಳಿದೆ, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಅಂತ. "ಎಲ್ಲಾ ಹಾಳೆಯಲ್ಲಿ ಇದೆ ಮೇಡಂ" ಅಂದ. ಇದ್ದದ್ದು ನಿಜ, ಒಂಬತ್ತನೇ ಪುಟದಲ್ಲಿ.

ಎರಡು ಸಾವಿರ ಜಾಸ್ತಿ ಖರ್ಚು ತೋರಿಸುವುದು ಕಷ್ಟ ಅಲ್ಲ. ಊರಿನ ಟಿಕೆಟನ್ನೇ ಈ ಕಾರ್ಡಿನಲ್ಲಿ ತೆಗೆದರೆ ಗೆರೆ ದಾಟುತ್ತದೆ. ಅದನ್ನು ನಾನು ಖರ್ಚಿನ ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ಹಾಗಾಗಿ 11,000 ಪಾಯಿಂಟ್ ಬರುತ್ತದೆ ಅಂತಲೇ ಇಟ್ಟುಕೊಂಡೆ. ಆಮೇಲೆ ದಾರಿ ನೋಡಿದೆ.

ಆ ಸಂಸ್ಥೆ ಹುಬ್ಬಳ್ಳಿಗೆ ಬರುವುದಿಲ್ಲ. ದಿಲ್ಲಿಯಿಂದ ಬೆಂಗಳೂರಿಗೆ ಹೋಗಬೇಕು. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಸುಮಾರು 35 ಕಿ.ಮೀ. ಅಲ್ಲಿಂದ ಧಾರವಾಡಕ್ಕೆ ವಂದೇ ಭಾರತ್ ಇದೆ, ಆದರೆ ಒಂದು ಹೊರಡುವುದು ಬೆಳಗ್ಗೆ ಆರಕ್ಕೂ ಮೊದಲು, ಇನ್ನೊಂದು ಮಧ್ಯಾಹ್ನ. ಮಧ್ಯಾಹ್ನದ್ದು ತಪ್ಪಿದರೆ ಬೆಂಗಳೂರಲ್ಲಿ ಒಂದು ರಾತ್ರಿ ಇರಬೇಕು, ಇಲ್ಲವೇ ರಾತ್ರಿ ಬಸ್ಸು ಹತ್ತಬೇಕು. ನಾನು ಒಬ್ಬಳೇ ಆದರೆ ಹೇಗೋ ನಡೆಯುತ್ತದೆ. ಮಗಳನ್ನು ಕಟ್ಟಿಕೊಂಡು, ಎರಡು ಬ್ಯಾಗ್ ಹಿಡಿದು ಆಗುವುದಿಲ್ಲ. ಕಾಲಿಗೆ ಪೆಟ್ಟಾದ ಅವ್ವನನ್ನು ದಿಲ್ಲಿಗೆ ಕರೆದುಕೊಂಡು ಬರುವಾಗಂತೂ ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ ಮಗಳೇ ತೋರಿಸಿದಳು. ಸರ್ ಕೊಟ್ಟ ಉದಾಹರಣೆಯಲ್ಲಿ ಒಬ್ಬರಿಗೆ ಒಂದು ಕಡೆಗೆ 8,000 ಪಾಯಿಂಟ್. "ಅಮ್ಮಾ, ನಾವು ಇಬ್ಬರು, ಹೋಗಬೇಕು, ಬರಬೇಕು" ಅಂದಳು. 32,000 ಪಾಯಿಂಟ್, ಮೇಲೆ 4,800 ರೂಪಾಯಿ ತೆರಿಗೆ. ವರ್ಷಕ್ಕೆ 11,000ದಂತೆ ಕೂಡಿಸಿದರೆ ಒಂದು ದಸರಾಕ್ಕೆ ಸುಮಾರು ಮೂರು ವರ್ಷ ಬೇಕು. "ವರ್ಷಕ್ಕೊಂದು ಟಿಕೆಟ್" ಅಂದರೆ ಒಬ್ಬರು ಹೋಗುವ ಟಿಕೆಟ್ ಮಾತ್ರ ಅಂತ ನನಗೆ ಆಗಲೇ ಹೊಳೆದದ್ದು.

ಅವ್ವ ಬಿದ್ದ ದಿನದಂಥ ದಿನಕ್ಕೂ ನೋಡಿದೆ. ನಾಳೆಗೆ ಅಂತ ಹುಡುಕಿದರೆ ಬೆಂಗಳೂರಿಗೆ ಪಾಯಿಂಟಿನ ಸೀಟೇ ತೋರಿಸಲಿಲ್ಲ. ಮೂರು ಸಲ ಬೇರೆ ಬೇರೆ ದಿನ ಹಾಕಿ ನೋಡಿದೆ, ಒಂದೇ ದಿನ ಸಿಕ್ಕಿತು. ನನಗೆ ಈ ಕಾರ್ಡ್ ಬೇಕಾಗಿದ್ದೇ ಅಂಥ ದಿನಕ್ಕೆ.

ಮಲ್ಲಿಗೆ ಅಕ್ಕ ಹೇಳಿದ ಹಾಗೆ ಒಂದೇ ವರ್ಷ ಇಟ್ಟುಕೊಂಡು ಮುಚ್ಚುವುದು ಸುಲಭವಾ? ಹಿಂದೆ ಒಂದು ಕಾರ್ಡ್ ಮುಚ್ಚಲು ಎರಡು ತಿಂಗಳು ಓಡಾಡಿದ್ದೇನೆ.

ಮೈಸೂರು ಲೆಕ್ಕಿಗ:

ಮಗಳಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ. ನಾನೂ ಬಿಟ್ಟಿದ್ದ ಲೆಕ್ಕ ಅದು.

ಮುಚ್ಚುವ ವಿಷಯದಲ್ಲಿ ಈಗ ನಿಯಮ ಇದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ್ದು. ಬಾಕಿ ಪೂರ್ತಿ ಕಟ್ಟಿ ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದ ಒಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ಫೋನಲ್ಲಿ ಹೇಳಿ ಸುಮ್ನೆ ಆಗಬೇಡಿ, ಇಮೇಲ್ ಕಳಿಸಿ, ದಿನಾಂಕ ಇರುತ್ತದೆ. ಪಾಯಿಂಟನ್ನು ಮಾತ್ರ ಮುಚ್ಚುವ ಮೊದಲೇ ಬಳಸಿ. ಕೇಳದೆ ಕಾರ್ಡ್ ಕಳಿಸುವುದಕ್ಕೂ ಅದೇ ನಿಯಮದಲ್ಲಿ ಅವಕಾಶ ಇಲ್ಲ. ಆ ಹುಡುಗ ನಿಮ್ಮ ಒಪ್ಪಿಗೆ ಇಲ್ಲದೆ ಅರ್ಜಿ ಹಾಕದ ಹಾಗೆ ನೋಡಿಕೊಳ್ಳಿ. ಓಟಿಪಿ ಕೇಳಿದರೆ ಕೊಡಬೇಡಿ.

ಉಣಕಲ್ ಕೆರೆ:

ಅಕ್ಕಾ, ಇಂಡಿಗೊದವರು 2024ರಲ್ಲಿ ಬ್ಲೂಚಿಪ್ ಅಂತ ತಮ್ಮದೇ ಪಾಯಿಂಟ್ ಯೋಜನೆ ಶುರು ಮಾಡಿದ್ದಾರೆ. ಸೇರಲು ದುಡ್ಡಿಲ್ಲ, ಕಾರ್ಡೂ ಬೇಡ. ನೀವು ಹೇಗೂ ಹುಬ್ಬಳ್ಳಿಗೆ ಅದರಲ್ಲೇ ಹೋಗುತ್ತೀರಿ ಅಲ್ವಾ? ಟಿಕೆಟ್ ತೆಗೆಯುವಾಗ ಅದರ ಸದಸ್ಯ ಸಂಖ್ಯೆ ಹಾಕುತ್ತಾ ಹೋಗಿ. ಬಂದಷ್ಟು ಬರಲಿ.

ಧಾರವಾಡದ ಮಗಳು:

ಸೇರಿದೆ. ಐದು ನಿಮಿಷ ಆಯಿತು ಅಷ್ಟೇ.

ಕಾರ್ಡ್ ಬೇಡ ಅಂತ ಬ್ಯಾಂಕಿಗೆ ಇಮೇಲ್ ಕಳಿಸಿದೆ, ಇನ್ನು ಫೋನ್ ಮಾಡಬೇಡಿ ಅಂತಲೂ ಬರೆದೆ. ನಾನು ಮುಂಬೈಯಲ್ಲೋ ಬೆಂಗಳೂರಲ್ಲೋ ಇದ್ದಿದ್ದರೆ ಬಹುಶಃ ತಗೊಳ್ಳುತ್ತಿದ್ದೆ. ಕಾರ್ಡ್ ಕೆಟ್ಟದ್ದು ಅಂತ ನನಗೆ ಅನ್ನಿಸಿಲ್ಲ.

ಶುಲ್ಕಕ್ಕೆ ಅಂತ ಇಟ್ಟಿದ್ದ 1,769ಕ್ಕೆ ಇನ್ನಷ್ಟು ಸೇರಿಸಿ ಬೇರೆ ಖಾತೆಯಲ್ಲಿ ಹಾಕಿದ್ದೇನೆ. ಪ್ರತಿ ತಿಂಗಳು ಒಂದು ಸಾವಿರ ಅದಕ್ಕೆ ಹೋಗುತ್ತದೆ. ಅವ್ವನಿಂದ ರಾತ್ರಿ ಫೋನ್ ಬಂದರೆ ಬೆಳಗ್ಗೆ ಹೊರಡಲು ಆ ದುಡ್ಡು. ದಸರಾ ಟಿಕೆಟ್ ಆಯಿತು, ನೇರ ಹುಬ್ಬಳ್ಳಿಗೆ, ಎರಡು ಸೀಟು. ಕಿಟಕಿ ಪಕ್ಕದ್ದು ಮಗಳಿಗೆ.