ಫೈಬರಿನ ಮೇಲಿನ ನ್ಯಾನೊ ಉಬ್ಬಿನಲ್ಲಿ ಬೆಳಕು ನಿಧಾನಿಸುವುದು ಹೇಗೆ?

ವಿದ್ಯಾರ್ಥಿ, ಧಾರವಾಡ:
ಎಂ.ಎಸ್ಸಿ. ಸೆಮಿನಾರಿಗೆಂದು ಆಪ್ಟಿಕಲ್ ಫೈಬರಿನ ಮೇಲೆ ರೂಪಿಸುವ ಸೂಕ್ಷ್ಮ ಅನುನಾದಕಗಳ (ನಿರ್ದಿಷ್ಟ ತರಂಗಾಂತರಗಳ ಬೆಳಕನ್ನು ಹಿಡಿದಿಡುವ ರಚನೆಗಳ) ಬಗ್ಗೆ ಓದುತ್ತಿದ್ದೇನೆ. ತ್ರಿಜ್ಯ ಕೆಲವೇ ನ್ಯಾನೊಮೀಟರ್ ಉಬ್ಬಿದರೂ ಬೆಳಕಿನ ಪಲ್ಸ್ (ಕ್ಷಣಿಕ ಮಿಡಿತ) ಅಲ್ಲಿ ಸಿಕ್ಕಿಕೊಂಡು, ನಿಧಾನವಾಗಿ ಹೋಗಿ ಮರಳುತ್ತದೆಯಂತೆ. ತರಂಗಾಂತರವೇ 1550 ನ್ಯಾನೊಮೀಟರ್ ಇರುವಾಗ ಇಷ್ಟು ಅಲ್ಪ ಉಬ್ಬು ಅದನ್ನು ಹಿಡಿದಿಡುವುದು ಹೇಗೆ? ಉಬ್ಬು ಪ್ಯಾರಾಬೋಲದ ಆಕಾರದಲ್ಲೇ ಏಕಿರಬೇಕು?

ಭೌತಶಾಸ್ತ್ರ ಉಪನ್ಯಾಸಕ, ಗದಗ:
ಇಲ್ಲಿ ಬೆಳಕು ಫೈಬರಿನ ಉದ್ದಕ್ಕೆ ಓಡುವುದಿಲ್ಲ. ವಿಜಯಪುರದ ಗೋಲ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗುವಂತೆ ಹೊರಮೈಗೆ ಅಂಟಿಕೊಂಡು ಸುತ್ತುತ್ತದೆ. ಇಂಥ ತರಂಗಗಳ ಗಣಿತವನ್ನು ಲಾರ್ಡ್ ರೇಲಿ 1910ರಲ್ಲೇ ಬಿಡಿಸಿದ್ದರು. ಸುತ್ತಳತೆಗೆ ತರಂಗಗಳು ಪೂರ್ಣಸಂಖ್ಯೆಯಲ್ಲಿ ಸರಿಹೊಂದುವ ಕಟ್-ಆಫ್ ತರಂಗಾಂತರದ ಸಮೀಪದಲ್ಲಿ ಅಕ್ಷದ ದಿಕ್ಕಿನ ವೇಗ ಬಹುತೇಕ ಸೊನ್ನೆಗೆ ಇಳಿಯುವುದರಿಂದ, ಅತಿ ಸಣ್ಣ ಏರಿಳಿತವೂ ಆ ಚಲನೆಯನ್ನು ಆಳುತ್ತದೆ. 19 ಮೈಕ್ರೋಮೀಟರ್ ತ್ರಿಜ್ಯ 1 ನ್ಯಾನೊಮೀಟರ್ ಹೆಚ್ಚಿದರೆ ಕಟ್-ಆಫ್ ಸುಮಾರು 0.08 ನ್ಯಾನೊಮೀಟರ್ ಸರಿಯುತ್ತದೆ. ಅನುನಾದದ ಅಗಲ ಅದಕ್ಕಿಂತ ಎಷ್ಟೋ ಕಿರಿದು, ಆದ್ದರಿಂದ ಇಷ್ಟು ಸರಿದರೂ ಎದ್ದು ಕಾಣುತ್ತದೆ.

ಅಕ್ಷದ ಚಲನೆಗೆ ದೊರೆಯುವ ಸಮೀಕರಣ ಕ್ವಾಂಟಂ ಕಣಗಳ ಚಲನೆಯನ್ನು ವಿವರಿಸುವ ಶ್ರೋಡಿಂಗರ್ ಸಮೀಕರಣದ ರೂಪದ್ದೇ. ಉಬ್ಬು ಅದರಲ್ಲಿ ವಿಭವದ ಬಾವಿಯಾಗುತ್ತದೆ, ಎಂದರೆ ಬೆಳಕನ್ನು ಹಿಡಿದಿಡುವ ತಗ್ಗಿನಂತೆ ವರ್ತಿಸುತ್ತದೆ. ಬಾವಿ ಪ್ಯಾರಾಬೋಲವಾದರೆ, ನೀವು ಬಿ.ಎಸ್ಸಿ.ಯಲ್ಲಿ ಬಿಡಿಸಿದ ಸರಳ ಆಂದೋಲಕದಂತೆ ಆವೃತ್ತಿಯ ಮಟ್ಟಗಳು ಸಮಾನ ಅಂತರದಲ್ಲಿರುತ್ತವೆ, ಹಾಗಾಗಿ ಪಲ್ಸಿನ ಎಲ್ಲ ಆವೃತ್ತಿಗಳೂ ಒಟ್ಟಿಗೇ ಹಿಂದಿರುಗುತ್ತವೆ. ಆಯತಾಕಾರದ ಬಾವಿಯಲ್ಲಿ ಒಂದೊಂದು ಆವೃತ್ತಿ ಒಂದೊಂದು ಹೊತ್ತಿಗೆ ಬಂದು ಪಲ್ಸ್ ಹಿಗ್ಗಿಹೋಗುತ್ತದೆ. ಸಂಶೋಧಕ ಮಿಖಾಯಿಲ್ ಸುಮೆಟ್ಸ್ಕಿ 2013ರಲ್ಲಿ ಕೇವಲ 3 ಮಿಲಿಮೀಟರ್ ಉದ್ದದ ಇಂಥ ಅನುನಾದಕದಲ್ಲಿ 100 ಪಿಕೊಸೆಕೆಂಡಿನ ಪಲ್ಸನ್ನು 2.58 ನ್ಯಾನೊಸೆಕೆಂಡ್ ತಡೆದು ತೋರಿಸಿದರು. ಅಷ್ಟು ಹೊತ್ತಿನಲ್ಲಿ ಸಾಮಾನ್ಯ ಫೈಬರಿನಲ್ಲಿ ಬೆಳಕು ಅರ್ಧ ಮೀಟರಿಗೂ ತುಸು ಹೆಚ್ಚು ಸಾಗುತ್ತದೆ. 19 ಮೈಕ್ರೋಮೀಟರ್ ತ್ರಿಜ್ಯಕ್ಕೆ ಲೆಕ್ಕ ಹಾಕಿದರೆ ಅದು ಸರಿಸುಮಾರು 4,500 ಸುತ್ತು!

ಕೇಬಲ್ ಸ್ಪ್ಲೈಸಿಂಗ್ ತಂತ್ರಜ್ಞ, ಹುಬ್ಬಳ್ಳಿ:
ಸರ್, ನಾವು ಜೋಡಿಸುವ 125 ಮೈಕ್ರೋಮೀಟರ್ ವ್ಯಾಸದ ಫೈಬರಿನಲ್ಲಿ ಬೆಳಕು ಒಳಗಿನ ಕೋರಿನಲ್ಲಿರುತ್ತದೆ. ಆದರೂ ಕೋಟಿಂಗ್ ಸುಲಿದು, ಆಲ್ಕೋಹಾಲಿನಿಂದ ಒರೆಸಿದ ಮೇಲೆ ಬೆರಳು ತಾಗಿಸುವುದಿಲ್ಲ. ಒಂದು ಧೂಳಿನ ಕಣ ಕುಳಿತರೂ ಸ್ಪ್ಲೈಸ್ (ಎರಡು ಫೈಬರುಗಳ ಜೋಡಣೆ) ಕೆಡುತ್ತದೆ. ಬೆಳಕು ಹೊರಮೈಯಲ್ಲೇ ಇದ್ದರೆ ಗತಿ ಏನು? ಇಷ್ಟು ಸಣ್ಣ ಉಬ್ಬನ್ನು ಮಾಡುವುದಾದರೂ ಹೇಗೆ?

ಭೌತಶಾಸ್ತ್ರ ಉಪನ್ಯಾಸಕ, ಗದಗ:
ನಿಮ್ಮ ಆತಂಕ ಸರಿಯಾದದ್ದೇ; ಧೂಳು ಬೆಳಕನ್ನು ಚದುರಿಸುತ್ತದೆ, ಆದ್ದರಿಂದ ಕೋಟಿಂಗ್ ತೆಗೆದ ಭಾಗವನ್ನು ಬಲು ಶುಚಿಯಾಗಿ ಕಾಯಬೇಕು. ಉಬ್ಬನ್ನು ಮಾಡಲು ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಬಿಸಿ ಮಾಡುತ್ತಾರೆ. ಫೈಬರನ್ನು ಎಳೆಯುವಾಗ ಒಳಗೆ ಹೆಪ್ಪುಗಟ್ಟಿದ್ದ ಬಿಗಿತ ಆಗ ಸಡಿಲಗೊಂಡು, ತ್ರಿಜ್ಯವೂ ವಕ್ರೀಭವನಾಂಕವೂ ತುಸು ಬದಲಾಗುತ್ತವೆ.

ನನ್ನ ಮಟ್ಟಿಗೆ ಇದಕ್ಕಿಂತ ಕಷ್ಟದ ಕೆಲಸ ಬೆಳಕನ್ನು ಒಳಗೆ ಬಿಡುವುದು. ಎಳೆದು ಸಪೂರಗೊಳಿಸಿದ ಇನ್ನೊಂದು ಫೈಬರನ್ನು ಅಡ್ಡಲಾಗಿ ತಾಗಿಸಬೇಕು. ತಾಗುವ ಜಾಗ ಸರಿಯಾಗಿ ಹೊಂದದಿದ್ದರೆ ಪಲ್ಸಿನ ಒಂದು ಪಾಲು ಒಳಹೊಗದೆ ನೇರವಾಗಿ ಹೊರಟುಹೋಗುತ್ತದೆ, ಒಳಹೊಕ್ಕ ಪಾಲೂ ಒಂದೇ ಸಲಕ್ಕೆ ಹೊರಬಾರದೆ ಅಲ್ಲೇ ಮತ್ತೆ ಮತ್ತೆ ಓಡಾಡುತ್ತದೆ.