‘ಮನೆ ಮಂದಿ’ ಗುಂಪಿನಲ್ಲಿ 66ಎ

ಸತೀಶ ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ] ಮಾಲೀಕರ ಗಮನಕ್ಕೆ!! ನಿಮ್ಮ ಕೆಲಸಗಾರ ಫೇಸ್‌ಬುಕ್‌ನಲ್ಲಿ ಏನೇ ಬರೆದರೂ ಇನ್ಮುಂದೆ ಜೈಲಿಗೆ ಹೋಗೋದು ನೀವೇ. ಐಟಿ ಕಾಯ್ದೆ ಕಲಂ 66ಎ. ಎಲ್ಲರಿಗೂ ತಿಳಿಸಿ 🙏

ಸತೀಶ ಚಿಕ್ಕಪ್ಪ: ನಾನು ಹೇಳ್ತಾನೇ ಇದ್ದೆ. ನಮ್ಮ ಪೀಣ್ಯದ ವರ್ಕ್‌ಶಾಪಲ್ಲಿ ಹದಿನಾಲ್ಕು ಜನ. ಊಟದ ಹೊತ್ತಲ್ಲಿ ಎಲ್ಲರ ಕೈಲೂ ಫೋನೇ.

ದೊಡ್ಡಪ್ಪ: ಅನ್ನ ಕೊಟ್ಟ ಧಣಿ ಬಗ್ಗೆ ಬೀದೀಲಿ ಮಾತಾಡಬಾರದು. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ.

ನಾನು: ಚಿಕ್ಕಪ್ಪ, ಎಲ್ಲಿಂದ ಬಂತು ಇದು? ಆನ್‌ಲೈನಲ್ಲಿ ಆಕ್ಷೇಪಾರ್ಹ ಮೆಸೇಜ್ ಕಳಿಸಿದವರಿಗೆ ಜೈಲು ಅಂತಿದ್ದ ಆ 66ಎ ಕಲಮನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೇ ರದ್ದು ಮಾಡಿದೆ. ಶ್ರೇಯಾ ಸಿಂಘಾಲ್ ಕೇಸು.

ಸತೀಶ ಚಿಕ್ಕಪ್ಪ: ಮಾಲೀಕರ ಗುಂಪಲ್ಲಿ ಬಂದಿದ್ದು. ಅಲ್ಲಿ ದೊಡ್ಡ ದೊಡ್ಡವರಿದಾರೆ.

ನಾನು: ಅವರು ಓದಿದಾರಾ?

ದೊಡ್ಡಪ್ಪ: ಚಿಕ್ಕಪ್ಪನ ಹತ್ರ ಹೀಗಾ ಮಾತಾಡೋದು?

ರವಿ ಮಾವ: 1994ರಲ್ಲಿ ಫ್ಯಾಕ್ಟರಿ ಗೋಡೆ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಮ್ಯಾನೇಜರ್ ಚಿತ್ರ ಬರೆದಿದ್ರು. ಸತೀಶ, ನೆನಪಿದೆಯಾ? ನಿನ್ನ ಲೂನಾದಲ್ಲಿ ಡ್ಯೂಟಿಗೆ ಹೋಗ್ತಿದ್ವಿ, ಯಶವಂತಪುರದಲ್ಲಿ ಬೈ ಟು ಕಾಫಿ.

ಅತ್ತೆ: ಆ ಲೂನಾ ಅಪ್ಪ ನನಗೆ ಕೊಡಿಸಿದ್ದು.

ನಾನು: ಚಿಕ್ಕಪ್ಪ, ಹೆದರಬೇಕಾದ್ದು ಬೇರೆ ಇದೆ. ಹುಡುಗ ತನ್ನ ಅಕೌಂಟಲ್ಲಿ ರಾಜಕೀಯ ಬರೆದ್ರೆ ಅದು ಅವನ ಹೊಣೆ. ಅವನೇ ನಿಮ್ಮ ಕಂಪನಿ ಪೇಜಲ್ಲಿ, ನಿಮ್ಮ ಕೆಲಸದ ಭಾಗವಾಗೇ ಯಾರದೋ ಮಾನ ಕಳೆದ್ರೆ ನಿಮ್ಮ ಮೇಲೂ ಪರಿಹಾರಕ್ಕೆ ದಾವೆ ಹಾಕಬಹುದು. ಗಿರಾಕಿ ಕೊಟ್ಟ ಡ್ರಾಯಿಂಗ್ ಯಾರಾದ್ರೂ ಸ್ಟೇಟಸ್‌ಗೆ ಹಾಕಿದ್ರೆ? ಗುಟ್ಟು ಕಾಯ್ತೀವಿ ಅಂತ ಸಹಿ ಹಾಕಿರೋರು ನೀವು. ಆಫೀಸ್ ಗುಂಪಲ್ಲಿ ಹೆಣ್ಣುಮಕ್ಕಳಿಗೆ ಅಸಹ್ಯ ಮೆಸೇಜ್ ಬಂದ್ರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹತ್ತು ಜನ ಇದ್ದ ಕಡೆ ಇಂಥ ದೂರು ವಿಚಾರಿಸೋಕೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ರೆ 50,000 ರೂಪಾಯಿವರೆಗೆ ದಂಡ. ನಿಮ್ಮಲ್ಲಿದೆಯಾ?

ಸತೀಶ ಚಿಕ್ಕಪ್ಪ: ನಿನಗೆ ನನ್ನ ಮೇಲೆ ಹಳೇ ಸಿಟ್ಟು. ಆ ಸ್ಕ್ರೀನ್‌ಶಾಟ್ ವಿಷಯ.

ಅಮ್ಮ: ಅದು ಇಲ್ಲಿ ಬೇಡ.

ನಾನು: ಇದೆ ಸಿಟ್ಟು. ಮನೆಯವರೇ ಅಲ್ವಾ ಅಂದ್ಕೊಂಡು, ಮೂರು ತಿಂಗಳಿಂದ ಸಂಬಳ ಬಂದಿಲ್ಲ ಅಂತ ಇಲ್ಲಿ ಬರೆದೆ. ನೀವು ಅದರ ಸ್ಕ್ರೀನ್‌ಶಾಟ್ ಸ್ನೇಹಿತರಿಗೆ ಕಳಿಸಿದ್ರಿ. ಎರಡೇ ದಿನಕ್ಕೆ ಅದು ನಮ್ಮ ಮ್ಯಾನೇಜರ್ ಫೋನಲ್ಲಿತ್ತು. ಬಾಕಿ ಸಂಬಳ ಕೇಳೋ ಧೈರ್ಯವೂ ಹೋಯ್ತು ನನಗೆ.

ದೊಡ್ಡಪ್ಪ: ಸತೀಶ, ಇದು ನನಗೆ ಗೊತ್ತಿರಲಿಲ್ಲ.

ಸತೀಶ ಚಿಕ್ಕಪ್ಪ: ಒಳ್ಳೇದಾಗಲಿ ಅಂತಲೇ ಕಳಿಸಿದ್ದು ಕಣಮ್ಮ. ಅವರಿಗೆ ನಿಮ್ಮ ಡೈರೆಕ್ಟರ್ ಪರಿಚಯ ಇತ್ತು.

ಸತೀಶ ಚಿಕ್ಕಪ್ಪ: ಆ ಸಮಿತಿಗೆ ಎಷ್ಟು ಜನ ಬೇಕು?

ನಾನು: ಕನಿಷ್ಠ ನಾಲ್ಕು. ಅರ್ಧಕ್ಕೆ ಕಮ್ಮಿ ಇಲ್ಲದ ಹಾಗೆ ಹೆಂಗಸರು, ಹೊರಗಿನವರೊಬ್ಬರು.

ಅತ್ತೆ: ಲೂನಾದ ಆರ್‌ಸಿ ಪುಸ್ತಕ ಇನ್ನೂ ನನ್ನ ಬೀರುವಲ್ಲಿದೆ.